ಒಂದೇ ಟಿವಿ, ಮೂರು ಜನ: ಪ್ರೇಕ್ಷಕರನ್ನು ಅರಿಯುವುದು ಹೇಗೆ?

ಪ್ರಶ್ನೆ: ನಾನು ಕಾರವಾರದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ಊರು ಅಂಕೋಲಾ ಹತ್ತಿರ. ಅಪ್ಪ ಬೋಟಿಗೆ ಹೋಗುತ್ತಾರೆ. ಮಾಧ್ಯಮಕ್ಕೆ ಪ್ರೇಕ್ಷಕರು ಹೇಗೆ ಸ್ಪಂದಿಸುತ್ತಾರೆ ಎಂಬುದರ ಮೇಲೆ ನಾನೊಂದು ಪ್ರಾಜೆಕ್ಟ್ ಮಾಡಬೇಕು. ಆಗಸ್ಟ್ ಕೊನೆಗೆ ಕೊಡಬೇಕು. ನೋಟ್ಸ್‌ನಲ್ಲಿ ನಾಲ್ಕೈದು ಸಿದ್ಧಾಂತಗಳಿವೆ. ಒಂದರಲ್ಲಿ ಜನ ಹೇಳಿದ್ದನ್ನೆಲ್ಲ ನಂಬುತ್ತಾರೆ. ಇನ್ನೊಂದರಲ್ಲಿ ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಮತ್ತೊಂದರಲ್ಲಿ ಮೂರು ಬಗೆಯಲ್ಲಿ ಓದುತ್ತಾರೆ. ನಮ್ಮ ಮನೆಗೆ ಯಾವುದೂ ಹೊಂದುವುದಿಲ್ಲ. ಅಜ್ಜಿ ಧಾರಾವಾಹಿಯ ಅತ್ತೆಗೆ ಬೈಯುತ್ತಾರೆ, ಮರುದಿನ ಅದೇ ಅತ್ತೆಯ ಮಾತನ್ನು ಅಮ್ಮನಿಗೆ ಹೇಳುತ್ತಾರೆ. ಅಪ್ಪ ನ್ಯೂಸ್ ಚಾನೆಲ್ ಎಲ್ಲ ಸುಳ್ಳು ಅನ್ನುತ್ತಾರೆ, ಆದರೆ ಮನೆಯಲ್ಲಿದ್ದ ದಿನ ಎರಡು ತಾಸು ಅದನ್ನೇ ನೋಡುತ್ತಾರೆ. 40 ಜನರಿಗೆ ಪ್ರಶ್ನಾವಳಿ ಕೊಟ್ಟೆ. ಹೆಚ್ಚಿನವರು ‘ಜ್ಞಾನಕ್ಕಾಗಿ ಸುದ್ದಿ ನೋಡುತ್ತೇವೆ’ ಎಂದು ಬರೆದರು. ಅದರಿಂದ ಏನೂ ಸಿಗಲಿಲ್ಲ. ಯಾವ ಸಿದ್ಧಾಂತ ಹಿಡಿಯಲಿ ಮೇಡಂ? ನಮ್ಮಂಥ ಸಣ್ಣ ಊರಲ್ಲಿ ಮಾಡಿದ ಅಧ್ಯಯನಕ್ಕೆ ಬೆಲೆ ಇರುತ್ತದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನಾವಳಿಯಿಂದ ಏನೂ ಸಿಗಲಿಲ್ಲ ಎಂದು ಬೇಸರ ಮಾಡಿಕೊಂಡಿದ್ದೀರಿ. ಆದರೆ ನಿಮ್ಮ ಪ್ರಾಜೆಕ್ಟ್ ಶುರುವಾಗಿರುವುದೇ ಅಲ್ಲಿ. ಅಷ್ಟೊಂದು ಜನ ಒಂದೇ ಉತ್ತರ ಬರೆದರು ಅಂದರೆ ಅವರು ಟಿವಿಯ ಬಗ್ಗೆ ಬರೆಯಲಿಲ್ಲ. ಎದುರಿಗೆ ಕಾಲೇಜಿನ ಹುಡುಗಿ ಹಾಳೆ ಹಿಡಿದು ನಿಂತಿದ್ದಾಳೆ, ಏನು ಬರೆದರೆ ಚಂದ ಎಂದು ಯೋಚಿಸಿ ಬರೆದರು. ಆ 40 ಹಾಳೆಗಳನ್ನು ಎಸೆಯಬೇಡಿ. ‘ಸುದ್ದಿ ನೋಡುವುದು ಒಳ್ಳೆಯ ಕೆಲಸ, ಧಾರಾವಾಹಿ ನೋಡುವುದು ಹೇಳಿಕೊಳ್ಳುವ ಕೆಲಸವಲ್ಲ’ ಎಂಬ ನಂಬಿಕೆ ನಿಮ್ಮೂರಲ್ಲಿ ಎಷ್ಟು ಗಟ್ಟಿಯಾಗಿದೆ ಎಂದು ಅವು ತೋರಿಸುತ್ತವೆ.

ನಾನು ವಿದ್ಯಾರ್ಥಿಯಾಗಿದ್ದಾಗ ಶಿರಸಿ ಕಡೆಯ ಹಳ್ಳಿಗಳಲ್ಲಿ ರೇಡಿಯೊ ಕೇಳುವವರ ಬಗ್ಗೆ ಇಂಥದ್ದೇ ಪಟ್ಟಿ ಹಿಡಿದು ತಿರುಗಿದ್ದೆ. ಒಂದು ತೋಟದ ಮನೆಯಲ್ಲಿ ಯಜಮಾನರು ಜಗಲಿಯ ಮೇಲೆ ಕೂತು, ‘ವಾರ್ತೆ ಕೇಳ್ತೇನೆ, ದೇಶದ ವಿಷಯ ಗೊತ್ತಿರಬೇಕಲ್ಲ’ ಅಂದರು. ನಾನು ಬರೆದುಕೊಂಡೆ. ಕುಡಿಯಲು ಆಸರಿ ತಂದ ಅವರ ಹೆಂಡತಿ, ‘ಅಡಿಕೆ ಧಾರಣೆ ಮುಗಿದ ಮೇಲೆ ಇವರು ರೇಡಿಯೊ ಹತ್ತಿರ ಕೂತದ್ದು ನಾನು ಕಂಡಿಲ್ಲ’ ಅಂದರು. ಯಜಮಾನರು ಬೇಸರ ಮಾಡಿಕೊಳ್ಳಲಿಲ್ಲ. ಹೌದು ಎಂದು ತಲೆಯಾಡಿಸಿದರು. ಅಷ್ಟು ಹೊತ್ತು ನಾನು ಕೇಳಿದ ಪ್ರಶ್ನೆಗಳಿಗಿಂತ ಆ ಒಂದು ಮಾತು ಹೆಚ್ಚು ಹೇಳಿತು.

ಆಮೇಲೆ ನಾನು ಪಟ್ಟಿ ಬದಿಗಿಟ್ಟು ಆ ಧಾರಣೆಯನ್ನೇ ಹಿಡಿದುಕೊಂಡೆ. ಅಡಿಕೆಯ ಒಂದೊಂದು ಬಗೆಗೂ ಒಂದೊಂದು ದರ: ರಾಶಿಗೆ ಇಷ್ಟು, ಚಾಲಿಗೆ ಇಷ್ಟು, ಬೆಟ್ಟೆಗೆ ಇಷ್ಟು, ಕೆಂಪುಗೋಟಿಗೆ ಇಷ್ಟು. ಓದಿ ಮುಗಿಸಲು ಒಂದೆರಡು ನಿಮಿಷವೂ ಬೇಡ. ಅದರಲ್ಲಿ ಅಭಿಪ್ರಾಯ ಇಲ್ಲ, ಕತೆ ಇಲ್ಲ, ಬರೀ ಅಂಕಿ. ತೋಟದವರಿಗೆ ಅದರಲ್ಲಿ ಕೇಳಿಸುವುದು ‘ಈಗ ಕೊಡಲೋ, ಇನ್ನೂ ಸ್ವಲ್ಪ ದಿನ ಮಾಳಿಗೆಯಲ್ಲಿ ಇಡಲೋ’ ಎಂಬ ಪ್ರಶ್ನೆ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರಿಗೆ ಕೇಳಿಸುವುದು ಈ ವರ್ಷ ಕೂಲಿ ಹೆಚ್ಚು ಕೇಳಬಹುದಾ ಎಂಬ ಲೆಕ್ಕ. ಉದ್ರಿ ಕೊಟ್ಟ ಕಿರಾಣಿ ಅಂಗಡಿಯವರಿಗೆ, ಹಳೇ ಬಾಕಿ ಬರುವ ಸೂಚನೆ. ಆ ವರ್ಷ ಮಗಳ ಮದುವೆ ಇಟ್ಟುಕೊಂಡವರಿಗೆ ಅದೇ ಅಂಕಿ ಎದೆ ಬಡಿತ. ಬರೀ ಅಂಕಿಯನ್ನೇ ನಾಲ್ಕು ಜನ ನಾಲ್ಕು ರೀತಿ ಕೇಳುತ್ತಾರೆ ಎಂದ ಮೇಲೆ ಅತ್ತೆ ಸೊಸೆಯ ಧಾರಾವಾಹಿಯನ್ನೋ ರಾಜಕೀಯದ ಚರ್ಚೆಯನ್ನೋ ಎಲ್ಲರೂ ಒಂದೇ ರೀತಿ ನೋಡುತ್ತಾರೆ ಅನ್ನಲು ಸಾಧ್ಯವಾ?

ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಯಾವ ಸಿದ್ಧಾಂತ ಹಿಡಿಯಲಿ ಎಂದು ಮೊದಲು ಕೇಳಬೇಡಿ. ಯಾರ ಪಕ್ಕ ಕೂರಲಿ ಎಂದು ಕೇಳಿ. ಸ್ಪಂದನೆ ಎನ್ನುವುದು ಜನರ ತಲೆಯಲ್ಲಿ ಮೊದಲೇ ತಯಾರಾಗಿ ಕೂತಿರುವುದಿಲ್ಲ, ನೀವು ಕೇಳಿದ ಕೂಡಲೇ ತೆಗೆದು ಕೊಡಲಿಕ್ಕೆ. ಅವರ ಕೆಲಸ, ಅವರ ಚಿಂತೆ, ಪಕ್ಕದಲ್ಲಿ ಕೂತವರ ಜೊತೆಗಿನ ಮಾತು, ಇವುಗಳ ನಡುವೆ ಅದು ಅಲ್ಲಲ್ಲೇ ಆಗುತ್ತಿರುತ್ತದೆ. ಅದನ್ನು ಕಾಣಬೇಕಾದರೆ ನೀವೂ ಅಲ್ಲೇ ಇರಬೇಕು. ಇದು ನನ್ನೊಬ್ಬಳ ಅನುಭವ ಮಾತ್ರ ಅಲ್ಲ. ನಿಮ್ಮ ನೋಟ್ಸ್‌ನಲ್ಲಿರುವ ಸಿದ್ಧಾಂತಗಳು ಬೆಳೆದು ಬಂದ ದಾರಿಯೂ ಇದೇ.

ಮೊದಲನೆಯದು ಸೂಜಿಮದ್ದಿನ ಕಲ್ಪನೆ. ಮಾಧ್ಯಮ ಚುಚ್ಚಿದ್ದು ನೇರ ರಕ್ತಕ್ಕೆ ಇಳಿಯುತ್ತದೆ ಎಂಬ ನಂಬಿಕೆ. ಮೊದಲ ಮಹಾಯುದ್ಧದಲ್ಲಿ ಸರ್ಕಾರಗಳು ನಡೆಸಿದ ಪ್ರಚಾರ ಕಂಡು ಹುಟ್ಟಿದ ಭಯ ಅದು. ಹೆರಾಲ್ಡ್ ಲಾಸ್‌ವೆಲ್ 1927ರಲ್ಲಿ ಆ ಪ್ರಚಾರದ ಬಗ್ಗೆ ಬರೆದರು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 1938ರ ಅಕ್ಟೋಬರ್ 30ರ ರಾತ್ರಿಯದು. ಅಮೆರಿಕದಲ್ಲಿ ಆರ್ಸನ್ ವೆಲ್ಸ್ ಒಂದು ರೇಡಿಯೊ ನಾಟಕ ಮಾಡಿದರು. ಮಂಗಳ ಗ್ರಹದವರು ಭೂಮಿಗೆ ಇಳಿದರು ಎಂಬ ಕತೆಯನ್ನು ತುರ್ತು ಸುದ್ದಿಯ ಧಾಟಿಯಲ್ಲಿ ಹೇಳಿದರು. ಮರುದಿನ ಪತ್ರಿಕೆಗಳಲ್ಲಿ ದೇಶವೇ ಬೆದರಿ ಓಡಿತು ಎಂಬಂತೆ ಬಂತು. ಆದರೆ ಪತ್ರಿಕೆಗಳು ಇದನ್ನು ತುಂಬಾ ಹಿಗ್ಗಿಸಿ ಬರೆದಿದ್ದವು ಎಂದು ಆಮೇಲೆ ಗೊತ್ತಾಯಿತು. ಆಗ ಜಾಹೀರಾತಿನ ಹಣ ಪತ್ರಿಕೆಗಳಿಂದ ರೇಡಿಯೊಗೆ ಹೋಗುತ್ತಿತ್ತು ಎಂಬುದನ್ನೂ ನೆನಪಿಡಿ. ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ವಿದ್ವಾಂಸರು ಆ ನಾಟಕ ಕೇಳಿದವರನ್ನು ಅಧ್ಯಯನ ಮಾಡಿ 1940ರಲ್ಲಿ ಪ್ರಕಟಿಸಿದರು. ಕೇಳಿದವರೆಲ್ಲ ಹೆದರಿರಲಿಲ್ಲ. ಕೆಲವರು ಬೇರೆ ಸ್ಟೇಷನ್ ತಿರುಗಿಸಿ ನೋಡಿದ್ದರು. ಕೆಲವರು ಪತ್ರಿಕೆಯಲ್ಲಿ ಅಂದಿನ ಕಾರ್ಯಕ್ರಮದ ಪಟ್ಟಿ ತೆಗೆದು, ಇದು ನಾಟಕ ಎಂದು ಖಾತ್ರಿ ಮಾಡಿಕೊಂಡಿದ್ದರು. ಸೂಜಿ ಎಲ್ಲರಿಗೂ ಒಂದೇ ರೀತಿ ಚುಚ್ಚಲಿಲ್ಲ ಎಂದು ಆಗಲೇ ಕಂಡಿತ್ತು.

ಎರಡನೆಯದು ಮಾತುಕತೆಯ ಬಲ. 1940ರ ಅಮೆರಿಕದ ಅಧ್ಯಕ್ಷರ ಚುನಾವಣೆಯ ಹೊತ್ತಿಗೆ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಓಹಾಯೊ ರಾಜ್ಯದ ಈರಿ ಎಂಬ ಒಂದೇ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಜಾಗಕ್ಕೆ, ಹೋದರು. ಅದೇ ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತಾಡಿಸಿದರು. ರೇಡಿಯೊ, ಪತ್ರಿಕೆ ಮತ ಬದಲಿಸುತ್ತವೆ ಎಂದು ಅಂದುಕೊಂಡಿದ್ದರು. ಕಂಡದ್ದು ಬೇರೆ. ಹೆಚ್ಚು ಓದುವ, ಹೆಚ್ಚು ಕೇಳುವ ಕೆಲವರು ಪ್ರತಿ ಊರಲ್ಲೂ ಇರುತ್ತಾರೆ. ಉಳಿದವರು ಅವರ ಬಾಯಿಂದ ಕೇಳಿ ಮನಸ್ಸು ಮಾಡುತ್ತಾರೆ. ಇದಕ್ಕೆ ಎರಡು ಹಂತದ ಹರಿವು ಎಂದು ಹೆಸರಾಯಿತು. ನಿಮ್ಮೂರ ಚಹಾ ಅಂಗಡಿಯಲ್ಲಿ ಪೇಪರನ್ನು ಗಟ್ಟಿಯಾಗಿ ಓದಿ ನಡುವೆ ತಮ್ಮ ಮಾತು ಸೇರಿಸುವವರು ಒಬ್ಬರಾದರೂ ಇರುತ್ತಾರಲ್ಲ, ಅವರನ್ನು ನೆನಪಿಸಿಕೊಳ್ಳಿ.

ಇದು ಹಳೇ ಕಾಲದ ಮಾತು ಅಂತ ಬಿಡಬೇಡಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ದೇಶದ ಹಲವು ಕಡೆ ವಾಟ್ಸ್ಆ್ಯಪ್‌ನಲ್ಲಿ ಹರಡಿತು. ಏನೂ ಅರಿಯದವರು ಪ್ರಾಣ ಕಳೆದುಕೊಂಡರು. ಆ ವರ್ಷವೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು. ಜನ ಆ ಸಂದೇಶವನ್ನು ಯಾಕೆ ನಂಬಿದರು? ಅದು ಮೊಬೈಲಿನಲ್ಲಿ ಬಂತು ಅಂತ ಅಲ್ಲ. ಭಾವ ಕಳಿಸಿದ, ಮೇಷ್ಟ್ರು ಕಳಿಸಿದರು, ಸಂಘದ ಗ್ರೂಪಿನಲ್ಲಿ ಬಂತು ಅಂತ ನಂಬಿದರು. ಹಾಗಾಗಿ ಫಾರ್ವರ್ಡ್ ಬಗ್ಗೆ ಯಾರನ್ನಾದರೂ ಕೇಳುವಾಗ ‘ನಂಬಿದಿರಾ’ ಎಂದು ಕೇಳಬೇಡಿ. ‘ಯಾರು ಕಳಿಸಿದ್ದು’ ಎಂದು ಕೇಳಿ. ಉತ್ತರದ ಬಣ್ಣವೇ ಬದಲಾಗುತ್ತದೆ.

ಜನ ತಮಗೆ ಬೇಕಾದ್ದಕ್ಕೆ ಮಾಧ್ಯಮ ಬಳಸುತ್ತಾರೆ ಎನ್ನುವ ಸಿದ್ಧಾಂತವನ್ನು ನಾನು ಇಲ್ಲಿ ಹೆಚ್ಚು ಎಳೆಯುವುದಿಲ್ಲ. ಅದು ಉಪಯೋಗದ್ದೇ. ಆದರೆ ಅದನ್ನು ಹಿಡಿದ ವಿದ್ಯಾರ್ಥಿಗಳು ಹೆಚ್ಚಾಗಿ ಮನರಂಜನೆ, ಮಾಹಿತಿ, ಹೊತ್ತು ಕಳೆಯುವುದು ಎಂದು ಡಬ್ಬಿ ಮಾಡಿ ತುಂಬಿಸಿ ಮುಗಿಸುತ್ತಾರೆ. ನಿಮ್ಮ 40 ಹಾಳೆಗಳಿಗೆ ಆದದ್ದೂ ಅದೇ.

ಈಗ ನಿಮ್ಮ ಮನೆಗೆ ಬರೋಣ.

ಮೂರು ಬಗೆಯ ಓದು ಎಂದು ನೀವು ಬರೆದದ್ದು ಸ್ಟುವರ್ಟ್ ಹಾಲ್ ಅವರದು. ಜಮೈಕಾದಲ್ಲಿ ಹುಟ್ಟಿ, ಓದಲು ಇಂಗ್ಲೆಂಡಿಗೆ ಹೋಗಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸ ಮಾಡಿದವರು. 1973ರಲ್ಲಿ ಅವರು ಹೇಳಿದ್ದು ಹೀಗೆ: ಟಿವಿ ಮಾಡುವವರು ಕಾರ್ಯಕ್ರಮದೊಳಗೆ ಒಂದು ಅರ್ಥ ಇಟ್ಟು ಕಳಿಸುತ್ತಾರೆ. ನೋಡುವವರು ಅದನ್ನು ಬಿಚ್ಚಿಕೊಳ್ಳುತ್ತಾರೆ. ಕೆಲವರು ಇಟ್ಟ ಹಾಗೆಯೇ ಒಪ್ಪುತ್ತಾರೆ. ಕೆಲವರು ‘ಒಟ್ಟಾರೆ ಸರಿ, ಆದರೆ ನಮ್ಮ ವಿಷಯಕ್ಕೆ ಹಾಗಲ್ಲ’ ಎನ್ನುತ್ತಾರೆ. ಕೆಲವರು ಪೂರ್ತಿ ಎದುರು ನಿಂತು ಓದುತ್ತಾರೆ. ಇಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಒಂದು ತಪ್ಪು ಮಾಡುತ್ತಾರೆ. ಅಜ್ಜಿ ಒಪ್ಪುವವರು, ಅಪ್ಪ ಎದುರಿಸುವವರು ಎಂದು ಮನುಷ್ಯರ ಮೇಲೆ ಚೀಟಿ ಅಂಟಿಸುತ್ತಾರೆ. ಹಾಲ್ ಹೇಳಿದ್ದು ಮೂರು ಬಗೆಯ ಜನರ ಬಗ್ಗೆ ಅಲ್ಲ, ಓದುವಾಗ ನಿಲ್ಲುವ ಮೂರು ಜಾಗಗಳ ಬಗ್ಗೆ. ಒಬ್ಬರೇ ಅರ್ಧ ತಾಸಿನಲ್ಲಿ ಮೂರೂ ಕಡೆ ನಿಂತು ಬರಬಹುದು. ನಿಮ್ಮ ಅಜ್ಜಿ ಮಾಡುತ್ತಿರುವುದು ಅದನ್ನೇ.

ಇದನ್ನು ಜನರ ನಡುವೆ ಪರೀಕ್ಷಿಸಿದವರು ಡೇವಿಡ್ ಮಾರ್ಲೆ. ಬಿಬಿಸಿಯ ‘ನೇಷನ್‌ವೈಡ್’ ಎಂಬ ಸಂಜೆಯ ಕಾರ್ಯಕ್ರಮವನ್ನು 29 ಗುಂಪುಗಳಿಗೆ ತೋರಿಸಿ, ಮಾತಾಡಿಸಿ, 1980ರಲ್ಲಿ ಪ್ರಕಟಿಸಿದರು. ಬ್ಯಾಂಕ್ ಮ್ಯಾನೇಜರ್‌ಗಳ ಓದು ಕಾರ್ಯಕ್ರಮದ ಧಾಟಿಗೆ ಹತ್ತಿರ ಇತ್ತು. ಕಾರ್ಮಿಕ ಸಂಘದ ಮುಂದಾಳುಗಳು ಎದುರು ನಿಂತರು. ಆದರೆ ಕೆಲಸ ಕಲಿಯುತ್ತಿದ್ದ ಕಾರ್ಮಿಕ ಹುಡುಗರ ಓದು ಬ್ಯಾಂಕಿನವರದಕ್ಕೇ ಹತ್ತಿರ ಬಂತು. ಒಂದೇ ವರ್ಗದವರೆಲ್ಲ ಒಂದೇ ರೀತಿ ಓದುತ್ತಾರೆ ಎಂಬ ಸುಲಭದ ಲೆಕ್ಕ ಅಲ್ಲಿ ಮುರಿಯಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಗುಂಪು, ಕಪ್ಪು ಸಮುದಾಯದ ವಿದ್ಯಾರ್ಥಿಗಳದು. ಅವರು ಒಪ್ಪಲೂ ಇಲ್ಲ, ವಿರೋಧಿಸಲೂ ಇಲ್ಲ. ಆ ಕಾರ್ಯಕ್ರಮದಲ್ಲಿ ತಮ್ಮ ಬದುಕಿಗೆ ಸಂಬಂಧಿಸಿದ್ದು ಏನೂ ಇಲ್ಲ ಎಂದು ಹೆಚ್ಚುಕಡಿಮೆ ಮಾತೇ ಆಡಲಿಲ್ಲ. ಆ ಮೌನವೂ ಒಂದು ಸ್ಪಂದನೆ. ನಿಮ್ಮ ಜಿಲ್ಲೆಯಲ್ಲಿ ಇದು ತುಂಬಾ ಮುಖ್ಯ. ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ, ಯಲ್ಲಾಪುರ ಕಡೆಯ ಸಿದ್ದಿಗಳ ಮನೆಯಲ್ಲಿ ಟಿವಿ ಓಡುತ್ತಿರುತ್ತದೆ. ಅದರೊಳಗೆ ಅವರ ಮನೆಯಂಥ ಮನೆ, ಅವರಾಡುವಂಥ ಮಾತು ಎಷ್ಟು ಸಲ ಬರುತ್ತದೆ? ಯಾರಾದರೂ ‘ಸುಮ್ನೆ ಹಚ್ಚಿಟ್ಟಿದ್ದೇವೆ’ ಅಂದರೆ ಅದನ್ನು ಖಾಲಿ ಉತ್ತರ ಅಂದುಕೊಳ್ಳಬೇಡಿ.

ಮಾರ್ಲೆ ಅವರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅವರು ಆಮೇಲೆ ಮಾಡಿದ ಕೆಲಸ. ಜನರನ್ನು ಅವರ ಗುಂಪಿನಲ್ಲಿ ಕೂರಿಸಿ ತೋರಿಸಿದೆ, ಆದರೆ ಅವರು ನಿಜವಾಗಿ ನೋಡುವುದು ಮನೆಯಲ್ಲಿ ಅಲ್ವಾ ಎಂದು ತಮ್ಮ ಕೆಲಸವನ್ನು ತಾವೇ ಪ್ರಶ್ನಿಸಿದರು. ಲಂಡನ್ನಿನ ದಕ್ಷಿಣ ಭಾಗದ 18 ಕುಟುಂಬಗಳ ಮನೆಗೆ ಹೋಗಿ ಮಾತಾಡಿಸಿ 1986ರಲ್ಲಿ ಬರೆದರು. ರಿಮೋಟ್ ಹೆಚ್ಚಾಗಿ ಗಂಡಸರ ಕೈಯಲ್ಲಿತ್ತು. ಗಂಡಸರು ಮಾತಿಲ್ಲದೆ ಕಣ್ಣಿಟ್ಟು ನೋಡುತ್ತಿದ್ದರು. ಹೆಂಗಸರು ಬಟ್ಟೆಗೆ ಇಸ್ತ್ರಿ ಹಾಕುತ್ತಾ, ಮಾತಾಡುತ್ತಾ ನೋಡುತ್ತಿದ್ದರು. ಸುಮ್ಮನೆ ಕೂತು ಟಿವಿ ನೋಡಿದರೆ ಹೆಂಗಸರಿಗೆ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತಿತ್ತು. ಗಂಡಸರಿಗೆ ಮನೆ ವಿಶ್ರಾಂತಿಯ ಜಾಗ, ಹೆಂಗಸರಿಗೆ ಕೆಲಸದ ಜಾಗ. ಈಗ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ಅಜ್ಜಿ ಏನು ನೋಡುತ್ತಾರೆ, ಅಪ್ಪ ಏನು ನೋಡುತ್ತಾರೆ ಎಂದು ಬರೆದಿದ್ದೀರಿ. ಅಮ್ಮ ಏನು ನೋಡುತ್ತಾರೆ ಎಂದು ಬರೆದಿಲ್ಲ. ಅಜ್ಜಿಯ ಮಾತು ಕೇಳಿಸಿಕೊಳ್ಳುವವರಾಗಿ ಮಾತ್ರ ಅಮ್ಮ ಬರುತ್ತಾರೆ. ಟಿವಿ ಹಚ್ಚಿದಾಗ ಅವರು ಎಲ್ಲಿರುತ್ತಾರೆ? ಮೀನು ಕೊಯ್ಯುತ್ತಾ, ಮಸಾಲೆ ಅರೆಯುತ್ತಾ, ಅಡುಗೆಮನೆಯಿಂದ ದನಿ ಮಾತ್ರ ಕೇಳುತ್ತಿರುತ್ತಾರಾ? ಹಾಗಿದ್ದರೆ ಅವರೂ ಪ್ರೇಕ್ಷಕರೇ. ಕಿವಿಯಲ್ಲೇ ಧಾರಾವಾಹಿ ನೋಡುವವರು. ನನ್ನ ಮಟ್ಟಿಗೆ ನಿಮ್ಮ ಪ್ರಾಜೆಕ್ಟಿನ ಅತಿ ಮುಖ್ಯ ವ್ಯಕ್ತಿ ಅವರೇ ಆಗಬಹುದು.

ಅಜ್ಜಿಯ ವಿಷಯ. ಬೈಯುತ್ತಾ ನೋಡುವುದು, ಬೈದ ಮಾತನ್ನೇ ಬಳಸುವುದು ವಿಚಿತ್ರವೇನೂ ಅಲ್ಲ. 1980ರ ದಶಕದ ಶುರುವಿನಲ್ಲಿ ಈನ್ ಆಂಗ್ ಎಂಬವರು ನೆದರ್ಲೆಂಡ್ಸ್‌ನ ಒಂದು ಮಹಿಳಾ ಪತ್ರಿಕೆಯಲ್ಲಿ ಪುಟ್ಟ ಪ್ರಕಟಣೆ ಕೊಟ್ಟರು. ‘ಡಲ್ಲಾಸ್’ ಎಂಬ ಅಮೆರಿಕದ ಧಾರಾವಾಹಿ ನಿಮಗೆ ಯಾಕೆ ಇಷ್ಟ, ಯಾಕೆ ಇಷ್ಟವಿಲ್ಲ, ಬರೆದು ತಿಳಿಸಿ ಎಂದು. ಬಂದದ್ದು 42 ಪತ್ರ. ಎಣ್ಣೆ ಬಾವಿಗಳ ಒಡೆಯರ ಕತೆ ತಮ್ಮ ಬದುಕಿನ ಹಾಗೆ ಇಲ್ಲ ಎಂದು ಬರೆದವರಿಗೆ ಗೊತ್ತಿತ್ತು. ಆದರೆ ಅದರೊಳಗಿನ ಜಗಳ, ಮುನಿಸು, ಮೋಸ, ಸಂಕಟ ಇವೆಲ್ಲ ತಮ್ಮವೇ ಎಂದು ಕೆಲವರು ಬರೆದಿದ್ದರು. ಕತೆ ಸುಳ್ಳಾದರೂ ಭಾವನೆ ನಿಜ. ನಿಮ್ಮ ಅಜ್ಜಿಗೂ ಆ ಬಂಗಲೆ, ಆ ರೇಷ್ಮೆ ಸೀರೆ ನಿಜವಲ್ಲ ಎಂದು ಚೆನ್ನಾಗಿ ಗೊತ್ತು. ಸೊಸೆಯಾಗಿ ಪಟ್ಟ ಪಾಡು ಗೊತ್ತು, ಅತ್ತೆಯಾಗಿ ಸಿಕ್ಕ ಜಾಗವೂ ಗೊತ್ತು. ಬೈಯುವಾಗ ಹಳೇ ಸೊಸೆ ಬೈಯುತ್ತಾಳೆ. ಮರುದಿನ ಅಮ್ಮನಿಗೆ ಹೇಳುವಾಗ ಈಗಿನ ಅತ್ತೆ ಮಾತಾಡುತ್ತಾಳೆ. ಅಜ್ಜಿ ಮದುವೆಯಾಗಿ ಬಂದ ಮೊದಲ ವರ್ಷಗಳ ಬಗ್ಗೆ ಒಮ್ಮೆ ನಿಧಾನವಾಗಿ ಕೇಳಿ. ಧಾರಾವಾಹಿಯ ಬಗ್ಗೆ ನೇರ ಕೇಳಿದ್ದಕ್ಕಿಂತ ಜಾಸ್ತಿ ಸಿಗುತ್ತದೆ.

ನಮ್ಮ ದೇಶದ್ದೂ ಒಂದು ಉದಾಹರಣೆ ಇದೆ. 1984–85ರಲ್ಲಿ ದೂರದರ್ಶನದಲ್ಲಿ ‘ಹಮ್ ಲೋಗ್’ ಬಂತು, 156 ಕಂತು. ಸಣ್ಣ ಕುಟುಂಬ, ಹೆಣ್ಣಿಗೆ ಸಮಾನ ಸ್ಥಾನ, ಇಂಥ ಮಾತುಗಳನ್ನು ಕತೆಯೊಳಗೆ ಇಟ್ಟು ಕಳಿಸಬೇಕು ಎಂದೇ ಮಾಡಿದ ಧಾರಾವಾಹಿ ಅದು. ಅದರಲ್ಲಿ ಎಲ್ಲ ಸಹಿಸಿಕೊಂಡು ಬಾಳುವ ತಾಯಿ ಭಾಗವಂತಿ. ಹೀಗಿರಬಾರದು ಎಂದು ತೋರಿಸಲು ಇಟ್ಟ ಪಾತ್ರ. ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ನೋಡುಗರನ್ನು ಅಧ್ಯಯನ ಮಾಡಿದಾಗ, ಎಷ್ಟೋ ಹೆಂಗಸರು ಅವಳನ್ನೇ ಮಾದರಿ ಎಂದು ಕಂಡಿದ್ದರು. ಇಟ್ಟ ಅರ್ಥ ಒಂದು, ಬಿಚ್ಚಿಕೊಂಡದ್ದು ಇನ್ನೊಂದು. ಆ ಹೆಂಗಸರಿಗೆ ತಿಳಿವಳಿಕೆ ಇಲ್ಲ ಎಂದು ತೀರ್ಪು ಕೊಡುವುದು ಸುಲಭ. ಹಾಗೆ ಮಾಡಬೇಡಿ. ಸಹಿಸಿಕೊಂಡೇ ಮನೆ ನಿಲ್ಲಿಸಿದ ಹೆಂಗಸಿಗೆ ಪರದೆಯ ಮೇಲೆ ತನ್ನಂಥವಳು ಕಂಡಳು. ಅವಳನ್ನು ತಪ್ಪು ಎನ್ನಬೇಕಾದರೆ ತನ್ನ ಬದುಕನ್ನೇ ತಪ್ಪು ಅನ್ನಬೇಕಾಗುತ್ತದೆ.

ಅಪ್ಪನದು ಇನ್ನೂ ಕಷ್ಟದ ಪ್ರಶ್ನೆ. ಸುಳ್ಳು ಅನ್ನುವವರು ದಿನಾ ಯಾಕೆ ನೋಡುತ್ತಾರೆ? ಡೇವಿಸನ್ ಎಂಬ ವಿದ್ವಾಂಸರು 1983ರಲ್ಲಿ ಒಂದು ಮಾತು ಗುರುತಿಸಿದರು. ಮಾಧ್ಯಮ ಬೇರೆಯವರನ್ನು ಕೆಡಿಸುತ್ತದೆ, ನನಗೇನೂ ಆಗುವುದಿಲ್ಲ ಎಂದು ಹೆಚ್ಚಿನವರು ನಂಬುತ್ತಾರೆ. ‘ಎಲ್ಲ ಸುಳ್ಳು’ ಎನ್ನುವಾಗ ಅಪ್ಪ ತಮ್ಮನ್ನು ಆ ‘ಬೇರೆಯವರ’ ಸಾಲಿನಿಂದ ಹೊರಗೆ ತೆಗೆದುಕೊಳ್ಳುತ್ತಿದ್ದಾರೆ. ಇದರ ಜೊತೆಗೆ ಜಾರ್ಜ್ ಗರ್ಬ್ನರ್ ಅವರನ್ನೂ ಓದಿ. ಅವರು ಒಂದೊಂದು ಕಾರ್ಯಕ್ರಮದ ಪರಿಣಾಮ ಕೇಳಲಿಲ್ಲ. ವರ್ಷಗಟ್ಟಲೆ ತುಂಬಾ ಟಿವಿ ನೋಡಿದವರಿಗೆ ಲೋಕ ಹೇಗೆ ಕಾಣುತ್ತದೆ ಎಂದು ಕೇಳಿದರು. ಜಾಸ್ತಿ ನೋಡುವವರಿಗೆ ಲೋಕ ಹೆಚ್ಚು ಕೆಟ್ಟದ್ದಾಗಿ, ಹೆಚ್ಚು ಅಪಾಯದ್ದಾಗಿ ಕಾಣುತ್ತಿತ್ತು. ಇದರ ಮೇಲೆ ವಾದಗಳಿವೆ. ಇರುವ ಊರೇ ಅಪಾಯದ್ದಾದರೆ ಟಿವಿಯನ್ನು ದೂರಿ ಏನು ಪ್ರಯೋಜನ ಎಂದು ಕೇಳಿದವರಿದ್ದಾರೆ. ಆದರೂ ನನಗೆ ಇದು ಸರಿ ಅನಿಸುತ್ತದೆ: ಒಂದೊಂದು ಸುದ್ದಿಯನ್ನೂ ಅಲ್ಲಗಳೆಯುತ್ತಲೇ ಆ ಸುದ್ದಿಗಳೆಲ್ಲ ಸೇರಿ ಬಿಡಿಸುವ ಲೋಕದ ಚಿತ್ರವನ್ನು ಒಪ್ಪಿಕೊಂಡುಬಿಡಲು ಸಾಧ್ಯ. ಅಪ್ಪನಿಗೆ ‘ಇದು ಸುಳ್ಳಾ’ ಎಂದು ಕೇಳುವುದು ಬೇಡ. ‘ಈಗಿನ ಕಾಲ ಹೇಗಿದೆ ಅಪ್ಪ’ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಆ ಉತ್ತರದಲ್ಲಿ ಬೋಟಿನ ಅನುಭವ ಎಷ್ಟು, ಚಾನೆಲ್ ಎಷ್ಟು ಎಂದು ಆಮೇಲೆ ಗುರುತು ಮಾಡಿ.

ಹಾಗೆಯೇ ಅವರು ಹವಾಮಾನದ ಎಚ್ಚರಿಕೆ ಹೇಗೆ ಕೇಳುತ್ತಾರೆ ನೋಡಿ. ಚಾನೆಲ್ ಸುಳ್ಳು ಅನ್ನುವ ಅದೇ ಮನುಷ್ಯ ‘ಕಡಲಿಗೆ ಇಳಿಯಬೇಡಿ’ ಎಂಬ ಸೂಚನೆಗೆ ಏನು ಮಾಡುತ್ತಾರೆ? ಆಕಾಶ ನೋಡುತ್ತಾರಾ, ಬಂದರಿನಲ್ಲಿ ಇನ್ನೊಬ್ಬರಿಗೆ ಫೋನ್ ಮಾಡುತ್ತಾರಾ, ಬೋಟಿನ ಮಾಲೀಕರ ಮಾತಿಗೆ ಕಾಯುತ್ತಾರಾ? ನಂಬಿಕೆ ಎನ್ನುವುದು ಒಂದೇ ಗಂಟು ಅಲ್ಲ. ಮನುಷ್ಯರು ವಿಷಯಕ್ಕೆ ತಕ್ಕಂತೆ ಅದನ್ನು ಹಂಚುತ್ತಾರೆ.

ಅಂಕೋಲಾದವರಾದ ನಿಮಗೆ ಶಿರೂರಿನ ವಿಷಯ ಹೇಳದೆ ಇರಲಾರೆ. 2024ರ ಜುಲೈ 16ರಂದು ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಗುಡ್ಡದ ಕೆಳಗಿನ ಚಹಾ ಅಂಗಡಿಯ ಕುಟುಂಬ ಹೋಯಿತು. ಕೇರಳದ ಲಾರಿ ಚಾಲಕರೊಬ್ಬರು ಲಾರಿಯ ಸಮೇತ ಕಾಣೆಯಾದರು. ಮಲಯಾಳಂ ಚಾನೆಲ್‌ಗಳು ದಿನಗಟ್ಟಲೆ ಗಂಗಾವಳಿ ದಂಡೆಯಲ್ಲಿ ನಿಂತು ನೇರ ಪ್ರಸಾರ ಮಾಡಿದವು. ಲಾರಿಯೂ ಚಾಲಕರ ದೇಹವೂ ನದಿಯಿಂದ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಆ ಎರಡು ತಿಂಗಳು ಕೇರಳದ ಮನೆಗಳಲ್ಲಿ ಶಿರೂರು ಅಂದರೆ ಆ ಲಾರಿ. ನಿಮ್ಮ ಕಡೆಯವರಿಗೆ ಶಿರೂರು ಅಂದರೆ ದಿನಾ ಓಡಾಡುವ ದಾರಿ, ಅಲ್ಲಿ ಕುಡಿದ ಚಹಾ, ಮುಂದಿನ ಮಳೆಗಾಲದ ಭಯ. ಮ್ಯಾಕ್‌ಕೂಂಬ್ಸ್ ಮತ್ತು ಶಾ 1972ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರದ್ದು. 1968ರ ಚುನಾವಣೆಯ ಹೊತ್ತಿಗೆ ಅಮೆರಿಕದ ಚಾಪೆಲ್ ಹಿಲ್ ಎಂಬ ಊರಲ್ಲಿ, ಇನ್ನೂ ಮನಸ್ಸು ಮಾಡದ 100 ಮತದಾರರನ್ನು ಮಾತಾಡಿಸಿದರು. ಮಾಧ್ಯಮ ಯಾವುದಕ್ಕೆ ಹೆಚ್ಚು ಜಾಗ ಕೊಟ್ಟಿತ್ತೋ ಅದೇ ದೊಡ್ಡ ವಿಷಯ ಎಂದು ಅವರಿಗೂ ಅನಿಸಿತ್ತು. ಪ್ರೇಕ್ಷಕರು ಎಷ್ಟೇ ಸ್ವತಂತ್ರವಾಗಿ ಓದಿದರೂ ತೋರಿಸಿದ್ದನ್ನು ಮಾತ್ರ ಓದಬಲ್ಲರು. ತೋರಿಸದೆ ಬಿಟ್ಟದ್ದು ಅವರ ಕೈಗೆ ಸಿಗುವುದಿಲ್ಲ. ಪ್ರೇಕ್ಷಕರು ಚುರುಕು, ಚುರುಕು ಎಂದು ಹೊಗಳುವವರು ಈ ಮಿತಿಯನ್ನು ಮರೆಯುತ್ತಾರೆ. ಇಲ್ಲಿ ಮಾತ್ರ ಒಂದು ಕಟ್ಟುನಿಟ್ಟಿನ ಮಾತು: ಈ ವಿಷಯ ಎತ್ತಿಕೊಂಡರೆ ಮನೆಯವರನ್ನು ಕಳೆದುಕೊಂಡವರ ಬಳಿ ಪ್ರಾಜೆಕ್ಟಿಗಾಗಿ ಹೋಗಬೇಡಿ. ಅವರ ದುಃಖ ನಿಮ್ಮ ಮಾಹಿತಿ ಅಲ್ಲ.

ಪ್ರೇಕ್ಷಕರ ಸಿದ್ಧಾಂತ ಎಲ್ಲ ಹೊರಗಿನದು ಎಂದು ನಿಮಗೆ ಅನಿಸಿರಬಹುದು. ಹಾಗಾದರೆ ಒಂದು ರಾತ್ರಿ ಯಕ್ಷಗಾನದ ಆಟಕ್ಕೆ ಹೋಗಿ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇರುವ ಜಿಲ್ಲೆ ನಿಮ್ಮದು. ಯಕ್ಷಗಾನದ ಪ್ರೇಕ್ಷಕರಿಗೆ ಕತೆ ಮೊದಲೇ ಗೊತ್ತು. ಕೀಚಕ ಸಾಯುತ್ತಾನೆ ಎಂದು ಎದುರು ಕೂತ ಮಗುವಿಗೂ ಗೊತ್ತು. ಆದರೂ ಬರುತ್ತಾರೆ. ಈ ಕಲಾವಿದ ಈ ಸಲ ಆ ಮಾತನ್ನು ಹೇಗೆ ಹೇಳುತ್ತಾನೆ, ಭಾಗವತರು ಆ ಪದ್ಯವನ್ನು ಹೇಗೆ ಎತ್ತುತ್ತಾರೆ ಎಂದು ನೋಡಲು ಬರುತ್ತಾರೆ. ಕೆಲವರು ಮಲಗಿ, ತಮಗೆ ಬೇಕಾದ ವೇಷ ಬರುವಾಗ ಎಬ್ಬಿಸಿ ಎಂದು ಪಕ್ಕದವರಿಗೆ ಹೇಳುತ್ತಾರೆ. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಪದ್ಯ ಮತ್ತು ಅದರ ಮೇಲೆ ಕೂತು ಆಡುವ ಮಾತು, ಅಂದರೆ ಅರ್ಥ, ಅಷ್ಟೇ. ಅದೇ ಕರ್ಣ, ಅದೇ ಪದ್ಯ. ಇವರು ಹೇಳಿದ ಅರ್ಥ ಅವರು ಹೇಳಿದ್ದಲ್ಲ. ಮರುದಿನ ತೋಟದಲ್ಲಿ, ಬಸ್ಸಿನಲ್ಲಿ ಅದರದ್ದೇ ವಿಮರ್ಶೆ. ಕರ್ಣ ಸೋಲಬಾರದಿತ್ತು ಎನ್ನುವವರಿಗೂ ಕೃಷ್ಣ ಮಾಡಿದ್ದೇ ಸರಿ ಎನ್ನುವವರಿಗೂ ಜಗಳ. ಒಂದೇ ಪಠ್ಯ, ಹಲವು ಓದು ಎನ್ನುವುದನ್ನು ನಿಮ್ಮ ಅಜ್ಜನ ಕಾಲದವರು ಸಿದ್ಧಾಂತ ಎಂದು ಕರೆಯದೆ ರಾತ್ರಿಯಿಡೀ ಮಾಡುತ್ತಿದ್ದರು. ಧಾರಾವಾಹಿ ನೋಡುವ ಕಣ್ಣೂ ಅಲ್ಲಿಂದ ಬಂದಿರಬಹುದು. ಕತೆ ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದೂ ಅಜ್ಜಿ ದಿನಾ ಕೂರುವುದು ಯಾಕೆ ಎಂದು ಕೇಳುವಾಗ ಇದನ್ನು ನೆನಪಿಡಿ.

ಈಗ ಕೆಲಸದ ಮಾತು. 40 ಜನ ಬೇಡ. ಮೂರು ಮನೆ ಸಾಕು. ನಿಮ್ಮದು ಒಂದು, ಬೇರೆ ಕೆಲಸದವರದು ಒಂದು, ಬೇರೆ ಭಾಷೆಯವರದು ಒಂದು. ಕಾರವಾರದಲ್ಲಿ ಮನೆಯಲ್ಲಿ ಕೊಂಕಣಿ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಸಂಜೆ ಹಿಂದಿ ಧಾರಾವಾಹಿ ನೋಡುವವರು ಬೇಕಾದಷ್ಟಿದ್ದಾರೆ. ಯಾವ ಭಾಷೆಯಲ್ಲಿ ನೋಡುತ್ತಾರೆ, ಅದರ ಬಗ್ಗೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದೇ ಒಳ್ಳೆಯ ಪ್ರಶ್ನೆ. ಪ್ರತಿ ಮನೆಗೆ ನಾಲ್ಕೈದು ಸಂಜೆ ಹೋಗಿ. ಏನಕ್ಕೆ ಬಂದಿದ್ದೇನೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಕದ್ದು ರೆಕಾರ್ಡ್ ಮಾಡುವುದು ಬೇಡವೇ ಬೇಡ. ನಿಮ್ಮ ಮನೆಯವರಿಗೂ ಇದು ಅನ್ವಯಿಸುತ್ತದೆ. ವರದಿಯಲ್ಲಿ ಹೆಸರು ಬದಲಿಸಿ. ಮೊದಲ ಸಂಜೆ ಎಲ್ಲರೂ ನಿಮಗಾಗಿ ನೋಡುತ್ತಾರೆ, ಬರೆಯಲು ಏನೂ ಸಿಗುವುದಿಲ್ಲ. ಮೂರನೆಯ ಸಂಜೆಗೆ ನಿಮ್ಮನ್ನು ಮರೆಯುತ್ತಾರೆ. ರಿಮೋಟ್ ಯಾರ ಕೈಯಲ್ಲಿದೆ, ಯಾರು ಎಲ್ಲಿ ಕೂತಿದ್ದಾರೆ, ಜಾಹೀರಾತು ಬಂದಾಗ ಏನು ಮಾತು ಬಂತು, ಯಾರು ಎದ್ದು ಹೋದರು, ಯಾವಾಗ ದನಿ ಏರಿತು, ಕೈಯಲ್ಲಿ ಮೊಬೈಲ್ ಇತ್ತಾ, ಇದನ್ನೆಲ್ಲ ಮನೆಗೆ ಬಂದ ಕೂಡಲೇ ಬರೆಯಿರಿ. ಮರುದಿನ ಬೆಳಿಗ್ಗೆ ಒಂದೇ ಪ್ರಶ್ನೆ ಕೇಳಿ: ‘ನಿನ್ನೆ ನಾನು ಅರ್ಧಕ್ಕೆ ಹೋದೆ, ಏನಾಯ್ತು?’ ನಿಜಕ್ಕೂ ಅರ್ಧಕ್ಕೆ ಎದ್ದು ಬಂದಿರಬೇಕು, ಸುಳ್ಳು ಹೇಳಬಾರದು. ಅವರು ಕತೆ ಹೇಳುವಾಗ ಏನು ಬಿಡುತ್ತಾರೆ, ಏನು ಸೇರಿಸುತ್ತಾರೆ, ಯಾರ ಪರ ಹೇಳುತ್ತಾರೆ ಎಂಬುದರಲ್ಲಿ ಅವರ ಓದು ಇರುತ್ತದೆ.

ಇಷ್ಟು ಆದ ಮೇಲೆ ಸಿದ್ಧಾಂತ ತೆರೆಯಿರಿ. ನಿಮಗೆ ಕಂಡದ್ದನ್ನು ಯಾವುದು ಹೆಚ್ಚು ವಿವರಿಸುತ್ತದೋ ಅದನ್ನು ಬಳಸಿ. ಹೊಂದದ ಕಡೆ ಹೊಂದುವುದಿಲ್ಲ ಎಂದೇ ಬರೆಯಿರಿ. ಅದಕ್ಕೆ ಅಂಕ ಕಡಿಮೆಯಾಗುತ್ತದೆ ಎಂದು ಹೆದರಬೇಡಿ. ಪರೀಕ್ಷಿಸುವವರು ಒಳ್ಳೆಯವರಾದರೆ ಮೊದಲು ಓದುವುದು ಆ ಪುಟವನ್ನೇ.

ಸಣ್ಣ ಊರಿನ ಅಧ್ಯಯನಕ್ಕೆ ಬೆಲೆ ಇದೆಯಾ ಎಂದು ಕೇಳಿದ್ದೀರಿ. ಮೇಲೆ ಹೇಳಿದ್ದನ್ನೆಲ್ಲ ಇನ್ನೊಮ್ಮೆ ನೋಡಿ. ಈರಿ ಒಂದೇ ಕೌಂಟಿ. ಚಾಪೆಲ್ ಹಿಲ್ ಒಂದು ಊರು, 100 ಜನ. ಮಾರ್ಲೆ ಅವರ 18 ಮನೆ. ಆಂಗ್ ಅವರ 42 ಪತ್ರ. ಇವೆಲ್ಲ ಸಣ್ಣ ಅಳತೆಯ ಕೆಲಸಗಳೇ. ಇವು ನಮ್ಮ ನೋಟ್ಸ್‌ಗೆ ಬಂದದ್ದು ಯಾರೋ ಜನರ ಮಾತನ್ನು ಸರಿಯಾಗಿ ಕೇಳಿಸಿಕೊಂಡು ಬರೆದದ್ದರಿಂದ. ನಿಮ್ಮೂರಿನ ಒಂದು ಮನೆಯಲ್ಲಿ ಸಂಜೆ ಏನು ನಡೆಯುತ್ತದೆ ಎಂದು ನಿಮಗಿಂತ ಚೆನ್ನಾಗಿ ಬರೆಯಬಲ್ಲವರು ಯಾರೂ ಇಲ್ಲ.

ಒಂದು ಅನುಕೂಲವೂ ನಿಮ್ಮ ಕಡೆಗಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿ, ಅಪ್ಪ ಮನೆಯಲ್ಲಿ. ಹೊರಗೆ ಮಳೆ, ಒಳಗೆ ಒಂದೇ ಟಿವಿ. ಅಜ್ಜಿಯ ಧಾರಾವಾಹಿಯ ಹೊತ್ತಿಗೆ ಅಪ್ಪನ ಸುದ್ದಿಯೂ ಶುರುವಾಗುತ್ತದೆ. ರಿಮೋಟ್ ಯಾರ ಕೈಗೆ ಹೋಗುತ್ತದೆ, ಆಗ ಅಮ್ಮ ಅಡುಗೆಮನೆಯಿಂದ ಏನು ಹೇಳುತ್ತಾರೆ ಎಂದು ನೋಡಿ. ಅಲ್ಲಿಂದ ಬರೆಯಲು ಶುರು ಮಾಡಿ. ಮೊದಲ ನಾಲ್ಕು ಪುಟ ಆದಾಗ ನನಗೂ ಕಳಿಸಿ, ಓದುತ್ತೇನೆ.